ಬಂಡೆಯ ಮೇಲಿಂದ ಕೂಗುವ ಹೆಸರು

ರಿವಾಲ್ಟ್ ಊರಿನಲ್ಲಿ ಆ ಚಳಿಗಾಲ ಹಿಮವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತಯಾರಾಗಿತ್ತು. ಚರ್ಚಿನ ಮುಂದೆ ದೇಶದೇಶಗಳ ಬಾವುಟಕ್ಕೆ ಕಂಬ ನೆಟ್ಟಿದ್ದರು. ಬಸ್ಸು ತಿರುಗುವ ಜಾಗಕ್ಕೆ ಹೊಸ ಡಾಂಬರು ಬಿದ್ದಿತ್ತು. ಮೇಯರ್ ಹೊಸ ಕೋಟು ಹೊಲಿಸಿಕೊಂಡಿದ್ದ. ಯುರೋಪಿನ ಮೂಲೆಮೂಲೆಯಿಂದ ಹರೆಯದ ಹುಡುಗ ಹುಡುಗಿಯರು ಸ್ಕೀ ಪಂದ್ಯಗಳಿಗೆ ಬರುವವರಿದ್ದರು. ಬೆಟ್ಟ ಮಾತ್ರ ಒಣಹುಲ್ಲು ಹೊದ್ದು ಕಂದುಬಣ್ಣವಾಗಿ ಬಿದ್ದುಕೊಂಡಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಗಿತ್ತು ಊರಿನ ಪಾಡು. "ಮೋಡ ನೋಡೀ ನೋಡೀ ಕುತ್ತಿಗೆ ಹಿಡ್ಕೊಂತು" ಎಂದು ಪಾದ್ರಿಯೇ ಪೂಜೆ ಮುಗಿಸಿ ಗೊಣಗುತ್ತಿದ್ದ.

ಹೀಗಾಗಿ ಊರಿನ ಮಾನ ತಾರ್ಚೀಸಿಯೊ ಕೈಗೆ ಬಂದಿತ್ತು. ಹಿಮ ಉಗುಳುವ ಯಂತ್ರಗಳನ್ನು ನಡೆಸುವವನು ಅವನೇ. ಇಳಿಜಾರಿನುದ್ದಕ್ಕೂ ನಿಲ್ಲಿಸಿದ ಆ ಯಂತ್ರಗಳಿಗೆ ನೀರು ಕುಡಿಸಿ, ಚಳಿ ಸಾಕಷ್ಟು ಬಿದ್ದ ಹೊತ್ತು ನೋಡಿ ಚಾಲೂ ಮಾಡಿ, ಬಿದ್ದದ್ದನ್ನು ಸಮ ಮಾಡುತ್ತ ಓಡಾಡುತ್ತಿದ್ದ. ಅರವತ್ತು ದಾಟಿದ ಬ್ರಹ್ಮಚಾರಿ. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ದೊಡ್ಡದಾಗಿತ್ತು, ಧೈರ್ಯ ಮಾತ್ರ ಆಗಿರಲಿಲ್ಲ.

ಇದನ್ನು ದೆಲ್ಫೀನಾಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವಳು ವಿಧವೆ. ಗಂಡ ಎಂದೋ ಲಕ್ಸೆಂಬರ್ಗಿನಲ್ಲಿ ಕಟ್ಟಡದ ಕೆಲಸಕ್ಕೆ ಹೋದವನು ಅಲ್ಲೇ ತೀರಿಕೊಂಡಿದ್ದ. ಶಾಲೆಯ ಅಡುಗೆಮನೆಯಲ್ಲಿ ಊರಿನ ಎರಡು ತಲೆಮಾರಿಗೆ ಬಡಿಸಿ ನಿವೃತ್ತಳಾಗಿದ್ದಳು. ತಾರ್ಚೀಸಿಯೊ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಅವಳ ಮನೆಗೆ ಊಟಕ್ಕೆ ಬರುತ್ತಿದ್ದ. ಕಾರನ್ನು ಚರ್ಚಿನ ಹಿಂದೆ ನಿಲ್ಲಿಸಿ, ತೋಟದ ಕಡೆಯಿಂದ ಸುತ್ತಿ ಬರುತ್ತಿದ್ದ. ಯಾರಿಗೂ ಗೊತ್ತಾಗಬಾರದು ಅಂತ! ಊರಿನ ನಾಯಿಗಳಿಗೂ ಗೊತ್ತಿತ್ತು. ಶುಕ್ರವಾರ ಸಂಜೆ ಅವನಿಗೆ ಫೋನು ಬಂದರೆ ಎತ್ತುವವಳು ದೆಲ್ಫೀನಾ ಎನ್ನುವುದು ಮೇಯರ್‌ಗೂ ಗೊತ್ತಿತ್ತು.

ಆದರೆ ಬಂಡೆಯ ಮೇಲಿಂದ ಯಾರೂ ಕೂಗಿರಲಿಲ್ಲ. ಆ ಕಣಿವೆಯಲ್ಲಿ ಬಂಡೆಯ ಮೇಲಿಂದ ಕೂಗದೇ ಇದ್ದದ್ದು ನಡೆದೇ ಇಲ್ಲ ಅಂತ ಲೆಕ್ಕ.

ಜನವರಿ ಆರರಂದು, ಮೂವರು ರಾಜರ ಹಬ್ಬದ ಸಂಜೆ, ಆ ವರ್ಷ ಹದಿನೆಂಟು ತುಂಬುವ ಹುಡುಗರು ಊರಿನ ನೆತ್ತಿಯ ಬಂಡೆ ಹತ್ತಿ ಬೆಂಕಿ ಹಾಕುತ್ತಾರೆ. ಬೀಚ್ ಮರದ ಬಿಲ್ಲೆಗಳನ್ನು ಕೋಲಿಗೆ ಸಿಕ್ಕಿಸಿ, ಕೆಂಡವಾಗುವ ತನಕ ಕಾಯಿಸಿ, ಬೀಸಿ ಕಣಿವೆಗೆ ಎಸೆಯುತ್ತಾರೆ. ಒಂದೊಂದು ಬಿಲ್ಲೆಗೂ ಒಂದೊಂದು ಜೋಡಿಯ ಹೆಸರು ಕೂಗುತ್ತಾರೆ: "ಈ ಬಿಲ್ಲೆ ಇಂಥವನಿಗೂ ಇಂಥವಳಿಗೂ!" ಕೂಗಿದ ಮೇಲೆ ಮುಗಿಯಿತು. ಮಾರನೆಯ ದಿನದಿಂದ ಅವರಿಬ್ಬರೂ ಒಂದೇ ಬೆಂಚಿನಲ್ಲಿ ಕೂತರೆ ಯಾರೂ ಹುಬ್ಬೇರಿಸುವುದಿಲ್ಲ. ಒಂಟಿ ಹೆಸರು ಕೂಗುವುದು ಮೂವರಿಗೆ ಮಾತ್ರ: ಊರಿನ ಸಂತನಿಗೆ, ಪಾದ್ರಿಗೆ, ಆ ವರ್ಷ ತೀರಿಕೊಂಡವರಿಗೆ. ಇನ್ನು, ನಮ್ಮ ಹೆಸರು ಕೂಗಿ ಎಂದು ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹಾಗೆ ಕೇಳಿದ್ದ ಒಬ್ಬ ಬಡಗಿಯ ಮೊಮ್ಮಕ್ಕಳನ್ನು ಈಗಲೂ 'ಕೇಳ್ಕೊಂಡೋರು' ಎಂದೇ ಕರೆಯುತ್ತಾರೆ. ಕೂಗಿಸಿಕೊಳ್ಳಬೇಕೆಂದರೆ ಹುಡುಗರು ಬಿಲ್ಲೆ ಕೊರೆಯುವ ಚರ್ಚಿನ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಬುಂಡೆ ವೈನು, ಹಂದಿಯ ಒಂದು ಒಣತೊಡೆ ಇಟ್ಟು, ಮಾತಾಡದೆ ಬರಬೇಕು; ಯಾರು ಇಟ್ಟರು, ಯಾರಿಗಾಗಿ ಎನ್ನುವುದು ಹುಡುಗರಿಗೆ ತಾನೇ ತಿಳಿಯುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇಷ್ಟು ವರ್ಷ ದೆಲ್ಫೀನಾಗೆ ಇದೆಲ್ಲ ಬೇಕಿರಲಿಲ್ಲ. ಬೇಕಾದದ್ದು ಕಳೆದ ವಸಂತದಲ್ಲಿ. ತಾರ್ಚೀಸಿಯೊಗೆ ಎದೆನೋವು ಬಂದು ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಅವಳಿಗೆ ಸುದ್ದಿ ಸಿಕ್ಕಿದ್ದು ಬ್ರೆಡ್ಡಿನ ಅಂಗಡಿಯಲ್ಲಿ, ಅದೂ ಎರಡು ದಿನ ತಡವಾಗಿ. ಒಗೆದ ಪೈಜಾಮ, ಬಿಸಿ ಸೂಪು ಹಿಡಿದು ಬಸ್ಸಲ್ಲಿ ಹೋದಳು. ವಾರ್ಡಿನ ಬಾಗಿಲಲ್ಲಿ ಅವನ ಅಕ್ಕ ಒನೊರೀನಾ ಅಡ್ಡ ನಿಂತಿದ್ದಳು. ಅವಳೂ ಮದುವೆಯಾಗದವಳು, ತಮ್ಮನನ್ನು ತಾಯಿಯ ಹಾಗೆ ಸಾಕಿದವಳು, ಜೈಲರಿನ ಹಾಗೆ ಕಾದವಳು.

"ಮನೆಯವರು ಮಾತ್ರ ಕಣೇ" ಎಂದಳು ಒನೊರೀನಾ. "ನೀನ್ಯಾರು ಅಂತ ಹೇಳ್ಲಿ ನರ್ಸಿಗೆ?"

ದೆಲ್ಫೀನಾ ಪೈಜಾಮವನ್ನು ಅವಳ ಕೈಗೆ ಕೊಟ್ಟಳು. ಸೂಪನ್ನು ತೊಡೆಯ ಮೇಲಿಟ್ಟುಕೊಂಡು ಅದೇ ಬಸ್ಸಿನಲ್ಲಿ ವಾಪಸು ಬಂದಳು. ದಾರಿಯುದ್ದಕ್ಕೂ ಅತ್ತಳು, ಇಳಿಯುವಾಗ ಮೂಗು ಒರೆಸಿಕೊಂಡಳು. ಅವನು ಚೇತರಿಸಿಕೊಂಡು ಮೊದಲ ಮಂಗಳವಾರ ತೋಟದ ಕಡೆಯಿಂದ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು: "ಈ ಸಲದ ಹಬ್ಬಕ್ಕೆ ನಮ್ಮಿಬ್ಬರ ಹೆಸರು ಕೂಗ್ಬೇಕು. ಇಲ್ಲಾಂದ್ರೆ ನಿನ್ನ ಊಟ ನಿಮ್ಮಕ್ಕನ ಮನೇಲೇ ಮಾಡ್ಕೊ. ಮುಂದಿನ ಸಲ ನೀನು ಸತ್ರೂ ನಾನು ಹೊರಗೇ ನಿಂತಿರ್ಬೇಕಾಗುತ್ತೆ, ತಿಳೀತಾ?"

"ತಿಳೀತು" ಎಂದ ಅವನು. ತಿಳಿಯುವುದರಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

ಅಷ್ಟರಲ್ಲಿ ಕ್ರೀಡೋತ್ಸವ ಬಂದು ವಕ್ಕರಿಸಿತು. ಡಿಸೆಂಬರಿನಲ್ಲಿ ಮೇಯರ್ ಊರಿನವರನ್ನೆಲ್ಲ ಸಭೆ ಕರೆದು, ಕಾಡು ಒಣಗಿರುವುದರಿಂದ ಬಂಡೆಯ ಮೇಲೆ ಬೆಂಕಿ ಹಾಕಲು ಈ ಚಳಿಗಾಲ ಒಂದೇ ಸಂಜೆಗೆ ಅನುಮತಿ ಸಿಕ್ಕಿದೆ ಎಂದ. ಅದು ಕ್ರೀಡೋತ್ಸವದ ಉದ್ಘಾಟನೆಯ ಸಂಜೆ.

"ಅಂದ್ರೆ ಹಬ್ಬದ ದಿನ ಬಿಲ್ಲೆ ಇಲ್ವಾ?" ಎಂದು ಯಾರೋ ಕೇಳಿದರು.

"ಇದೆ, ಇದೆ. ಮೂರು ವಾರ ಮುಂದಕ್ಕೆ ಹೋಗಿದೆ, ಅಷ್ಟೆ. ಟಿವಿಯವರು ಬರ್ತಾರೆ. ಎಸೆಯೋದು ನಮ್ಮ ಹುಡುಗ್ರೇ. ಕೂಗೋದು ಮಾತ್ರ ಮೈಕಲ್ಲಿ, ಊದಿನೆ ಪಟ್ಟಣದಿಂದ ರೇಡಿಯೋದವರು ಬರ್ತಾರೆ."

"ರೇಡಿಯೋದವನಿಗೆ ಯಾರು ಯಾರ ಜೊತೆ ಮಲಗ್ತಾರೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ಹಿಂದಿನ ಸಾಲಿನ ಒಬ್ಬ ಮುದುಕ ಕೇಳಿದ. ಸಭೆ ಗೊಳ್ಳೆಂದಿತು. ದೆಲ್ಫೀನಾ ನಗಲಿಲ್ಲ.

ಉದ್ಘಾಟನೆಯ ಸಂಜೆ ಎಲ್ಲರಿಗೂ ಸೂಪು ಹಂಚುವ ಕೆಲಸ ಅವಳ ಪಾಲಿಗೆ ಬಂತು. ಬಾರ್ಲಿ, ಬೀನ್ಸ್ ಕಾಳು ಹಾಕಿ ಕುದಿಸುವ ಮಾಮೂಲಿ ಸೂಪು. ಹಂದಿಕೊಬ್ಬು ಹಾಕಬೇಡಿ ಎಂದು ಕ್ರೀಡೋತ್ಸವದ ಸಮಿತಿಯವರು ಅಪ್ಪಣೆ ಕೊಟ್ಟರು. ಕೊಬ್ಬಿಲ್ಲದ ಸೂಪು ಅಂದರೆ ಕಾಳು ತೊಳೆದ ನೀರು ಎಂದು ಅವಳು ನಾಲ್ಕು ದಿನ ಜಗಳಾಡಿ, ಅರ್ಧ ಹಂಡೆಗಳಿಗೆ ಕೊಬ್ಬು ಹಾಕುವ ರಾಜಿಗೆ ಬಂದಳು.

ಜನವರಿಯ ಎರಡನೆಯ ವಾರ ಚಳಿ ಕಚ್ಚಿ ಹಿಡಿಯಿತು. ಯಂತ್ರಗಳು ಹಗಲಿರುಳು ಮೊರೆದವು. ಕಂದು ಬೆಟ್ಟದ ನಡುವೆ ಒಂದು ಬಿಳಿ ಪಟ್ಟಿ ಎದ್ದಿತು, ಕಂಬಳಿಗೆ ಪಂಚೆಯ ತೇಪೆ ಹಾಕಿದ ಹಾಗೆ. ಆ ಶುಕ್ರವಾರ ತಾರ್ಚೀಸಿಯೊ ಗಡ್ಡದಲ್ಲಿ ಮಂಜು ಹೊತ್ತು ಬಂದ. ಕೂತು, ಬೂಟು ಬಿಚ್ಚಿ, "ಇಟ್ಟು ಬಂದೆ" ಎಂದ.

ದೆಲ್ಫೀನಾ ಆಲೂಗಡ್ಡೆ, ಚೀಸು ಹುರಿಯುತ್ತಿದ್ದವಳು ಬಾಣಲೆ ಕೆಳಗಿಟ್ಟಳು. "ಏನೇನು?"

"ಒಳ್ಳೇ ವೈನು, ದೊಡ್ಡ ಬುಂಡೆ. ನಮ್ಮನೇದೇ ತೊಡೆ, ಎರಡು ವರ್ಷ ಒಣಗಿಸಿದ್ದು. ಒನೊರೀನಾಗೆ ಇಲಿ ತಿಂತು ಅಂದೆ."

"ಅಷ್ಟು ದೊಡ್ಡ ತೊಡೆ ಇಲಿ ತಿಂತಾ?"

"ಹೆಗ್ಗಣ ಅಂದೆ."

ಅವಳಿಗೆ ನಗು ಬಂತು. ಜೊತೆಗೆ, ಯಾಕೋ, ಅವನ ಒದ್ದೆ ಕಾಲ್ಚೀಲ ನೋಡಿ ಪ್ರೀತಿಯೂ ಬಂತು. "ಹುಡುಗರು ಏನಂದ್ರು?"

"ಹುಡುಗರೆಲ್ಲಿದ್ರು? ಕೊಟ್ಟಿಗೆ ಈಗ ಸಮಿತಿಯವರ ಆಫೀಸು. ಲೂಚಿಲ್ಲಾ ಅಂತ ಒಬ್ರು ಮೇಡಂ ಇದ್ರು. ತುಂಬ ಖುಷಿಪಟ್ರು. ಕೈ ಕುಲುಕಿ, ಯಾರ ಹೆಸರಲ್ಲಿ ಅಂತ ಕೇಳಿ ಬರ್ಕೊಂಡ್ರು."

"ಯಾರ ಹೆಸರು ಹೇಳ್ದೆ?"

"ನಂದು."

"ಮತ್ತೆ ನಂದು?"

"ನಿಂದ್ಯಾಕೆ ಹೇಳ್ಬೇಕು? ಎಲ್ಲರಿಗೂ ಗೊತ್ತಲ್ಲ."

ದೆಲ್ಫೀನಾ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ನೋಡಿದಳು. "ಅವಳು ಊದಿನೆಯವಳು ಮಾರಾಯ. ಅವಳಿಗೆ ನಿನ್ನ ಮುಖವೇ ಗೊತ್ತಿಲ್ಲ, ನನ್ನ ಹೆಸರು ಹೇಗೆ ಗೊತ್ತಿರುತ್ತೆ?"

ತಾರ್ಚೀಸಿಯೊ ಫೋರ್ಕು ಹಿಡಿದು ಯೋಚಿಸಿದ. ಈ ಭೂಮಿಯ ಮೇಲೆ ತಮ್ಮಿಬ್ಬರ ವಿಷಯ ಗೊತ್ತಿಲ್ಲದವರು ಇರಬಹುದು ಎನ್ನುವುದು ಅವನಿಗೆ ಹೊಳೆದೇ ಇರಲಿಲ್ಲ. ಕಾರನ್ನು ಚರ್ಚಿನ ಹಿಂದೆ ಬಚ್ಚಿಟ್ಟು ಬರುವವನು ಇವನೇ, ಜಗತ್ತಿಗೆಲ್ಲ ಗೊತ್ತು ಅನ್ನುವವನೂ ಇವನೇ!

"ನಾಳೆ ಹೋಗಿ ಸರಿಮಾಡು" ಎಂದಳು.

"ಹೇಗೆ? ಬಾಯಿಬಿಟ್ಟು ಕೇಳೋದಾ?" ಅವನ ಮುಖ ಸುಣ್ಣವಾಯಿತು. "ನಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ."

ಅವನು ಹೋಗಲಿಲ್ಲ. ಉದ್ಘಾಟನೆಗೆ ಮೂರು ದಿನವಿದೆ ಎನ್ನುವಾಗ ಅವಳೇ ಹೋದಳು. ಹೋಗಲು ನೆಪವಿತ್ತು, ಸೂಪಿಗೆ ಉಪ್ಪು ಎಷ್ಟು ಎಂದು ಕೇಳುವುದು. ಅರವತ್ತು ವರ್ಷದ ಹೆಂಗಸು, ಕೊಟ್ಟಿಗೆಯ ಬಾಗಿಲಲ್ಲಿ ಶಾಲೆ ಹುಡುಗಿಯ ಹಾಗೆ ಬೆವರಿದಳು. ಒಳಗೆ ಲೂಚಿಲ್ಲಾ ಮೇಡಂ ಫೋನಿನಲ್ಲಿದ್ದಳು. ಮೂಲೆಯಲ್ಲಿ ಮೇಜು ಹಾಕಿಕೊಂಡು, ಬಾವುಟಗಳ ರಾಶಿಯ ನಡುವೆ ಇಸ್ತ್ರಿ ಮಾಡುತ್ತ ನಿಂತಿದ್ದವಳು ಒನೊರೀನಾ.

"ಏನು ಬಂದೆ?" ಎಂದಳು ಒನೊರೀನಾ, ಯಾವುದೋ ದೇಶದ ಸಿಂಹದ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತ.

"ನಿನ್ನ ನೋಡೋಕಲ್ಲ" ಎಂದಳು ದೆಲ್ಫೀನಾ.

ಲೂಚಿಲ್ಲಾ ಫೋನಿಟ್ಟು ನಕ್ಕಳು. "ಬನ್ನಿ, ಬನ್ನಿ. ನಿಮ್ಮೂರಿನವರು ಎಷ್ಟು ಒಳ್ಳೆಯವರು ಅಂತೀನಿ! ಹಿಮದ ಯಂತ್ರದ ತಾರ್ಚೀಸಿಯೊ ಅವರು ಬಂದು ವೈನು, ಹ್ಯಾಮು ಎಲ್ಲ ಕೊಟ್ಟು ಹೋದ್ರು. ಕೇಳದೇನೇ! ನಮ್ಮ ಪ್ರಾಯೋಜಕರ ಜೊತೆ ಅವರ ಹೆಸರೂ ಬಂಡೆ ಮೇಲಿಂದ ಕೂಗಿಸ್ತಾ ಇದೀವಿ."

ಇಸ್ತ್ರಿಪೆಟ್ಟಿಗೆ ನಿಂತಿತು. "ಹೆಗ್ಗಣ" ಎಂದು ಒನೊರೀನಾ ತನ್ನಷ್ಟಕ್ಕೆ ಹೇಳಿಕೊಂಡಳು.

ದೆಲ್ಫೀನಾ ಲೂಚಿಲ್ಲಾಳ ಕಡೆ ಬಾಗಿದಳು. "ಒಂದೇ ಹೆಸರಾ?"

"ಮತ್ತಿನ್ಯಾವುದು?" ಎಂದಳು ಲೂಚಿಲ್ಲಾ. ಕೇಳಿದ್ದು ಮುಗ್ಧವಾಗಿಯೇ. ಪೆನ್ನನ್ನೂ ಎತ್ತಿಕೊಂಡಳು.

ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒನೊರೀನಾ ಇತ್ತ ತಿರುಗಿ ನಿಂತಿದ್ದಳು, ಆಡಲಿ ಎಂದೇ ಕಾಯುತ್ತಿದ್ದಳು. ಆಡಿದರೆ ಸಂಜೆಯೊಳಗೆ ಊರೆಲ್ಲ 'ಕೇಳ್ಕೊಂಡೋಳು' ಅಂತಾಗುತ್ತಿತ್ತು.

"ಒಂದೇ ಸಾಕು ಮೇಡಂ" ಎಂದಳು ಒನೊರೀನಾ. "ನನ್ನ ತಮ್ಮನಿಗೆ ಹಿಂದೆ ಮುಂದೆ ಯಾರಿಲ್ಲ. ಇರೋಳು ನಾನೊಬ್ಬಳೇ."

"ಉಪ್ಪು ಕಡಿಮೆ ಹಾಕ್ಬೇಕಾ ಕೇಳೋಣ ಅಂತ ಬಂದೆ" ಎಂದಳು ದೆಲ್ಫೀನಾ. ಏನು ಉತ್ತರ ಬಂತೋ ಅವಳಿಗೆ ಕೇಳಿಸಲಿಲ್ಲ. ಹೊರಗೆ ಬಂದು ಕಂಬಕ್ಕೆ ಒರಗಿ ನಿಂತಳು. ಒನೊರೀನಾಳ ಮೇಲೆ ಬಂದ ಕೋಪಕ್ಕಿಂತ ತನ್ನ ಮೇಲೇ ಹೆಚ್ಚು ಕೋಪ ಬಂದಿತ್ತು. ಅವನ ಮೇಲೆ ಎಷ್ಟು ಬಂದಿತ್ತೆಂದು ಕೇಳಬೇಡಿ.

ಉದ್ಘಾಟನೆಯ ಸಂಜೆ ಆಕಾಶ ತಿಳಿಯಾಗಿತ್ತು. ಚರ್ಚಿನ ಮುಂದೆ ಬಣ್ಣಬಣ್ಣದ ಜಾಕೆಟ್ಟಿನ ಹುಡುಗ ಹುಡುಗಿಯರು ಕಿಕ್ಕಿರಿದಿದ್ದರು. ಒಂದು ಕಡೆ ದೆಲ್ಫೀನಾಳ ಹಂಡೆಗಳು ಕುದಿಯುತ್ತಿದ್ದವು. ಊರಿನವರು ಅವುಗಳ ಸುತ್ತಲೇ ಗುಂಪುಗೂಡಿದ್ದರು, ಬೆಚ್ಚಗಿತ್ತಲ್ಲ. ಹತ್ತು ಮಾರು ಆಚೆ ತಾರ್ಚೀಸಿಯೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನ ಪಕ್ಕ ಒನೊರೀನಾ, ಹಬ್ಬದ ಶಾಲು ಹೊದ್ದು.

ಭಾಷಣಗಳಾದವು. ದೀಪಗಳನ್ನು ಆರಿಸಿದರು. ನೆತ್ತಿಯ ಬಂಡೆಯ ಮೇಲೆ ಬೆಂಕಿ ಎದ್ದಿತು, ಹುಡುಗರ ನೆರಳು ಕಂಡಿತು. ಮೊದಲ ಬಿಲ್ಲೆ ಕೆಂಪಗೆ ಬಾಗಿ ಕಣಿವೆಗೆ ಬಿತ್ತು. ಮೈಕಿನಲ್ಲಿ ರೇಡಿಯೋದವನ ಜೇನಿನಂಥ ದನಿ: "ಈ ಬಿಲ್ಲೆ ಮಾನ್ಯ ಸಚಿವರಿಗೆ!"

ಊರಿನವರು ಮುಖ ಮುಖ ನೋಡಿಕೊಂಡರು. "ಅಯ್ಯೋ, ಯಾವಾಗ ಹೋದ್ರು ಪಾಪ?" ಎಂದಳು ಬ್ರೆಡ್ಡಿನಂಗಡಿಯವಳು.

"ಈ ಬಿಲ್ಲೆ ನಮ್ಮ ಮಿತ್ರ ಬ್ಯಾಂಕಿಗೆ!"

"ಅದೂ ಹೋಯ್ತು!"

"ಈ ಬಿಲ್ಲೆ ಹೆಲ್ಮೆಟ್ ಕಂಪನಿಗೆ!"

"ಇವತ್ತು ಎಷ್ಟು ಹೆಣ ಬೀಳುತ್ತಪ್ಪಾ ಊರಲ್ಲಿ!" ಎಂದು ಹಿಂದಿನಿಂದ ಆ ಮುದುಕ ಎಂದ. ಜನ ಬಾಯಿಗೆ ಕೈಹಿಡಿದು ನಕ್ಕರು. ಹೊರದೇಶದ ಮಕ್ಕಳೂ ಸುಮ್ಮನೆ ಜೊತೆಗೆ ನಕ್ಕವು.

ಆಮೇಲೆ ಮತ್ತೊಂದು ಬಿಲ್ಲೆ ಎದ್ದಿತು. "ಈ ಬಿಲ್ಲೆ..." ಎಂದಿತು ದನಿ, "ತಾರ್ಚೀಸಿಯೊ ಅವರಿಗೆ!"

ನಗು ನಿಂತುಹೋಯಿತು.

ಸಚಿವರು, ಬ್ಯಾಂಕು ಯಾರಿಗೆ ಬೇಕು? ಇದು ಊರಿನ ಹೆಸರು. ಕತ್ತಲಲ್ಲಿ, ಅದೇ ಬಂಡೆಯಿಂದ, ಒಂಟಿಯಾಗಿ. ಹತ್ತಿರದ ಇಬ್ಬರು ಮುದುಕಿಯರು ಅಭ್ಯಾಸಬಲದಿಂದ ಶಿಲುಬೆಯ ಗುರುತು ಹಾಕಿಕೊಂಡರು. ಮೇಲೆ ಹುಡುಗರಿಗೂ ತಬ್ಬಿಬ್ಬಾಗಿರಬೇಕು, ಮುಂದಿನ ಬಿಲ್ಲೆ ಎತ್ತಲೇ ಇಲ್ಲ. ಎಲ್ಲರೂ ಇನ್ನೊಂದು ಹೆಸರಿಗೆ ಕಾದರು. ಹಂಡೆಗಳ ಕೆಳಗಿನ ಬೆಂಕಿಯ ಬೆಳಕಿನಲ್ಲಿ ತಾರ್ಚೀಸಿಯೊ ಮುಖ ದೆಲ್ಫೀನಾಗೆ ಕಾಣುತ್ತಿತ್ತು. ಅವನು ಇವಳ ಕಡೆ ನೋಡಿದ. ಬಾಯಿ ಅರ್ಧ ತೆರೆಯಿತು. ಹೇಳು, ಎಂದಳು ಅವಳು ಮನಸ್ಸಿನಲ್ಲೇ, ಹೇಳೋ! ಬಾಯಿ ಮುಚ್ಚಿಕೊಂಡಿತು.

"ಮತ್ತೆ ದೆಲ್ಫೀನಾಗೆ!"

ಕಿರುಚಿದಂಥ ದನಿ. ಯಾರದೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಒನೊರೀನಾ ತಮ್ಮನ ತೋಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು, ಬಂಡೆಯ ಕಡೆ ಕತ್ತೆತ್ತಿ ಇನ್ನೊಮ್ಮೆ ಕೂಗಿದಳು: "ದೆಲ್ಫೀನಾಗೆ ಕಣ್ರೋ! ಇಬ್ಬರಿಗೂ! ಇಬ್ಬರಿಗೂ ಎಸೀರಿ!"

ಬಂಡೆಯ ಮೇಲಿನ ಹುಡುಗರು ಊರಿನ ಹುಡುಗರೇ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ದೊಡ್ಡದೊಂದು ಬಿಲ್ಲೆ ಕಿಡಿ ಉದುರಿಸುತ್ತ ಹಾರಿತು, ಮೈಕಿಲ್ಲದೆಯೇ ಎಂಟು ಗಂಟಲು ಒಟ್ಟಿಗೆ ಎರಡೂ ಹೆಸರು ಕೂಗಿದವು. ಚರ್ಚಿನ ಮುಂದೆ ಊರೆಂಬ ಊರು ಚಪ್ಪಾಳೆ ತಟ್ಟಿತು. ಲೂಚಿಲ್ಲಾ ಮೇಡಂ ತನ್ನ ಕೈಲಿದ್ದ ಹಾಳೆಯಲ್ಲಿ ದೆಲ್ಫೀನಾ ಎಂಬ ಕಂಪನಿ ಯಾವುದೆಂದು ಹುಡುಕುತ್ತಿದ್ದಳು.

ದೀಪ ಬಂದ ಮೇಲೆ ಸೂಪಿಗೆ ಸಾಲು ಶುರುವಾಯಿತು. ಮೊದಲು ಬಂದವಳು ಒನೊರೀನಾ. ಕಣ್ಣು ಊದಿತ್ತು, ಮಾತು ಮಾತ್ರ ಹಳೆಯದೇ.

"ನಿನಗೋಸ್ಕರ ಅಂತ ತಿಳ್ಕೋಬೇಡ" ಎಂದಳು. "ವಸಂತದಲ್ಲಿ ಅವನ್ನ ಸಾವಿನ ಬಾಯಿಂದ ಎಳ್ಕೊಂಡು ಬಂದಿದೀನಿ. ಸತ್ತೋರ ಹಾಗೆ ಕೂಗೋಕೆ ಬಿಡ್ತೀನಾ?"

"ಗೊತ್ತು" ಎಂದಳು ದೆಲ್ಫೀನಾ. ಕೊಬ್ಬು ಹಾಕಿದ ಹಂಡೆಯಿಂದ ತಳ ಮುಟ್ಟಿಸಿ ಎತ್ತಿ ಬಟ್ಟಲು ತುಂಬಿದಳು. "ಅಲ್ಲಿ ಬೆಂಚಿನ ಮೇಲೆ ಕೂತು ತಿನ್ನಕ್ಕ, ಬಿಸಿ ಇದೆ."

ಅಕ್ಕ ಎಂದು ಅವಳು ಕರೆದದ್ದು ಅದೇ ಮೊದಲು. ಒನೊರೀನಾ ಬಟ್ಟಲು ಹಿಡಿದು ಬೆಂಚಿನ ಕಡೆ ಹೋದಳು.

ಅವಳ ಬೆನ್ನಿಗೇ ತಾರ್ಚೀಸಿಯೊ, ಸಾಲು ತಪ್ಪಿಸಿ. "ಆಯ್ತಲ್ಲ ಮಾರಾಯ್ತಿ, ಕೂಗಿದ್ರಲ್ಲ!" ಎಂದ, ತಾನೇ ಬಂಡೆ ಹತ್ತಿ ಬಂದವನ ಹಾಗೆ ಹಲ್ಲು ಬಿಡುತ್ತ.

"ಯಾರು ಕೂಗಿದ್ದು?"

"ಯಾರಾದ್ರೇನು ಈಗ..."

"ನೀನಲ್ಲೇ ನಿಂತಿದ್ದೆ. ನಾಲಿಗೆ ಬಿದ್ದುಹೋಗಿತ್ತಾ?"

"ನನ್ನ ಬಾಯಿಂದಾನೇ ಹೇಗೆ... ಊರಿನ ಪದ್ಧತಿ..."

"ಹಿಂದೆ ಹೋಗಿ ಸಾಲಲ್ಲಿ ನಿಲ್ಲು" ಎಂದಳು ದೆಲ್ಫೀನಾ.

ಅವನು ಹೋದ. ಫಿನ್ಲೆಂಡಿನ ಮಕ್ಕಳ ಹಿಂದೆ, ಸ್ಲೊವಾಕಿಯದ ಮಕ್ಕಳ ಹಿಂದೆ, ಬಟ್ಟಲು ಹಿಡಿದು ನಿಂತ. ಮಕ್ಕಳು ಅವನ ಗಡ್ಡ ನೋಡಿ ಏನೇನೋ ಕೇಳಿದರು, ಅವನು ತಲೆಯಾಡಿಸಿದ. ಸಾಲು ನಿಧಾನವಾಗಿ ಸರಿಯಿತು. ದೆಲ್ಫೀನಾ ಪ್ರತಿಯೊಬ್ಬರಿಗೂ ಸಮನಾಗಿ ಬಡಿಸಿದಳು, ಒಮ್ಮೆಯೂ ಅವನ ಕಡೆ ನೋಡಲಿಲ್ಲ. ಅವನ ಸರದಿ ಬಂದಾಗ ಸೌಟನ್ನು ಹಂಡೆಯ ಅಂಚಿಗೆ ಒರಗಿಸಿ ಕೈಕಟ್ಟಿ ನಿಂತಳು.

"ಯಾರನ್ನ ಕೇಳ್ತಿದೀಯ ಸೂಪು?"

"ನಿನ್ನ" ಎಂದ.

"ನನಗೊಂದು ಹೆಸರಿದೆ."

ಅವನು ಅತ್ತಿತ್ತ ನೋಡಿದ. ಊರಿನವರು ಸೂಪು ಊದುವುದನ್ನು ನಿಲ್ಲಿಸಿದ್ದರು. "ದೆಲ್ಫೀನಾ" ಎಂದ, ಪಾಪನಿವೇದನೆಗೆ ಬಂದವನ ದನಿಯಲ್ಲಿ.

"ಕೇಳಿಸ್ಲಿಲ್ಲ."

ತಾರ್ಚೀಸಿಯೊ ಬಟ್ಟಲನ್ನು ಮೇಜಿನ ಮೇಲಿಟ್ಟ. ಟೋಪಿ ತೆಗೆದ. ಎದೆ ತುಂಬ ಉಸಿರೆಳೆದುಕೊಂಡು, ಯಂತ್ರಗಳ ಮೊರೆತದ ನಡುವೆ ಕೂಗುವ ಆ ಗಂಟಲಿನಲ್ಲಿ ಕೂಗಿದ: "ದೆಲ್ಫೀನಾ!"

ಮಕ್ಕಳು ಬೆಚ್ಚಿ ಹಿಂದಕ್ಕೆ ಸರಿದರು. ಎದುರಿನ ಬೆಟ್ಟದಿಂದ ಹೆಸರು ತಿರುಗಿ ಬಂತು. ಬೆಂಚಿನ ಮೇಲೆ ಒನೊರೀನಾ ಚಮಚ ಎತ್ತಿದವಳು ಹಾಗೇ ಕೂತಿದ್ದಳು. ದೆಲ್ಫೀನಾ ಸೌಟು ಎತ್ತಿಕೊಂಡಳು. ಅವನು ಮತ್ತೆ ಒಡ್ಡಿದ ಬಟ್ಟಲನ್ನು ನೋಡದೆ ಅವನ ಮುಖವನ್ನೇ ನೋಡುತ್ತ ಬಡಿಸಿದಳು, ಅರ್ಧ ಸೂಪು ಅವನ ತೋಳಿನ ಮೇಲೆ ಚೆಲ್ಲಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ.